ಗಾಳಿಬೀಡಿನಿಂದ ಕಾಲೇಜಿಗೆ: ದಾರಿ, ದುಡಿಮೆ ಮತ್ತು ಓದಿನ ಒಂದು ಲೆಕ್ಕ



ವಾರ್ಷಿಕ ವರದಿಯ ಈ ಭಾಗದಲ್ಲಿ ಓದಿಗೆ ಸಂಬಂಧಿಸಿದ ಒಂದು ಪಾಠವನ್ನು ಬರೆಯುವುದು ನಮ್ಮಲ್ಲಿ ರೂಢಿ. ಪರೀಕ್ಷೆಗೆ ತಯಾರಿ ಹೇಗೆ, ಅರ್ಜಿ ತುಂಬುವುದು ಹೇಗೆ ಎಂಬ ವಿಷಯಗಳನ್ನೇ ಸಾಮಾನ್ಯವಾಗಿ ಆರಿಸಿಕೊಳ್ಳುತ್ತೇವೆ. ಈ ಬಾರಿ ವಿಷಯ ಬೇರೆ. ನವೀಕರಣಕ್ಕೆ ಬಾರದೇ ಹೋದ ಅರ್ಜಿಗಳನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರ ಮನೆಗೂ ವಿಚಾರಿಸಿದಾಗ, ಅಂಕ ಕಡಿಮೆಯಾಗಿ ಓದು ನಿಲ್ಲಿಸಿದವರಿಗಿಂತ ದಾರಿ ಸಾಗದೆ ನಿಲ್ಲಿಸಿದವರೇ ಹೆಚ್ಚು ಕಣ್ಣಿಗೆ ಬಿದ್ದರು. ಶುಲ್ಕ ಕಟ್ಟಿದ ರಸೀದಿ ಫೈಲಿನಲ್ಲಿದೆ, ಮಗು ಮಾತ್ರ ಕಾಲೇಜಿನಲ್ಲಿಲ್ಲ. ದಾನಿಗಳ ಹಣ ಎಲ್ಲಿ ಸೋರಿಹೋಗುತ್ತಿದೆ ಎಂದು ಕೇಳಿದರೆ, ನಮ್ಮ ಉತ್ತರ ಬಸ್ ಸ್ಟ್ಯಾಂಡಿನಲ್ಲಿ ಎಂದೇ.

ಕಳೆದ ಶೈಕ್ಷಣಿಕ ವರ್ಷದ ಆರಂಭದಲ್ಲಿ ವಿದ್ಯಾರ್ಥಿವೇತನದ ಜೊತೆಗೆ ಪ್ರತಿಯೊಬ್ಬರಿಗೂ ನೂರು ಪುಟದ ಒಂದು ನೋಟ್ ಪುಸ್ತಕ ಕೊಟ್ಟಿದ್ದೆವು. ಮೂರೇ ಸಂಗತಿ ಬರೆಯಬೇಕಿತ್ತು. ಮನೆಯಿಂದ ಹೊರಟ ಗಂಟೆ, ಮನೆ ಸೇರಿದ ಗಂಟೆ, ದಾರಿಯಲ್ಲಿ ಮನಸ್ಸಿಗೆ ಬಂದದ್ದು. ಹೆಚ್ಚಿನವರು ಎರಡು ವಾರ ಬರೆದು ಬಿಟ್ಟರು. ಆ ಪುಸ್ತಕದಲ್ಲಿ ದಿನಸಿ ಪಟ್ಟಿ ಬರೆದವರೂ ಇದ್ದಾರೆ, ಅದೂ ಉಪಯೋಗವೇ. ಗಾಳಿಬೀಡಿನ ಕಡೆಯ ಒಬ್ಬ ಹುಡುಗಿ ಮಾತ್ರ ಪುಸ್ತಕ ಮುಗಿಸಿ ಎರಡನೆಯದಕ್ಕೆ ಕೇಳಿದಳು. ಮಡಿಕೇರಿಯಲ್ಲಿ ಬಿ.ಕಾಂ. ಕೊನೆಯ ವರ್ಷ. ಅವಳ ಮತ್ತು ಅವಳ ಉಮ್ಮನ ಒಪ್ಪಿಗೆ ಪಡೆದು, ಹೆಸರು ಹೇಳದೆ, ಆ ಪುಸ್ತಕವನ್ನೇ ಈ ವರ್ಷದ ಪಾಠವಾಗಿ ಇಟ್ಟುಕೊಂಡಿದ್ದೇವೆ.

ದೂರದ ಊರಿನ ದಾನಿಗಳಿಗಾಗಿ ಒಂದು ಮಾತು. ಗಾಳಿಬೀಡು ಮಡಿಕೇರಿಯಿಂದ ಸುಮಾರು ಹತ್ತು ಕಿಲೋಮೀಟರ್. ಕಾಗದದ ಮೇಲೆ ಇದೇನು ದೂರವಲ್ಲ. ಆದರೆ ಕಾಫಿ ತೋಟದ ನಡುವಿನ ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಇಳಿಯಬೇಕು, ಬಸ್ಸಿಗೆ ಕಾಯಬೇಕು, ಅದು ತಪ್ಪಿದರೆ ಜೀಪೋ ಆಟೋವೋ ಸಿಗುವವರೆಗೆ ಮತ್ತೆ ಕಾಯಬೇಕು. ಇದೇ ಗಾಳಿಬೀಡಿನಲ್ಲಿ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯವಿದೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಬಂದ ಮಕ್ಕಳು ಹನ್ನೆರಡನೆಯವರೆಗೆ ಅಲ್ಲೇ ಉಳಿದು ಉಚಿತವಾಗಿ ಓದುತ್ತಾರೆ. ಜಿಲ್ಲೆಯ ಮಕ್ಕಳು ನಮ್ಮೂರಿಗೆ ಬಂದು ಉಳಿದು ಓದುತ್ತಾರೆ, ನಮ್ಮೂರಿನ ಮಕ್ಕಳು ಮಡಿಕೇರಿಗೆ ಹೋಗಿ ಓದಿ ಸಂಜೆ ಹಿಂತಿರುಗುತ್ತಾರೆ. ಆ ಗೇಟಿನ ಮುಂದೆ ಬಸ್ಸು ಹಾದುಹೋಗುವಾಗ ಏನನ್ನಿಸುತ್ತದೆ ಎಂದು ಅವಳು ಒಂದು ಕಡೆ ಬರೆದಿದ್ದಾಳೆ. ಅಲ್ಲಿನ ಮಕ್ಕಳಿಗೆ ಮನೆ ನೆನಪಾಗುತ್ತಿರಬಹುದು, ತನಗೆ ಅವರ ಬೆಳಗಿನ ಒಂದೂವರೆ ಗಂಟೆ ನೆನಪಾಗುತ್ತದೆ ಎಂದು.

ಪುಸ್ತಕದ ಮೊದಲ ಪುಟಗಳೆಲ್ಲ ಮಳೆ. ಜುಲೈ ತಿಂಗಳ ಬೆಳಗ್ಗೆ ಲೈಟು ಹಾಕಿಕೊಂಡೇ ಬರುವ ಬಸ್ಸು, ಕಿಟಕಿಯ ಟಾರ್ಪಾಲು, ಒದ್ದೆ ಕೊಡೆಯನ್ನು ಎಲ್ಲಿಡುವುದೆಂಬ ಚಿಂತೆ. ಭಾರೀ ಮಳೆಯ ದಿನ ಜಿಲ್ಲಾಡಳಿತ ರಜೆ ಘೋಷಿಸುತ್ತದಲ್ಲ, ಹೆಚ್ಚಿನ ಬಾರಿ ಆ ರಜೆ ಅಂಗನವಾಡಿಯಿಂದ ಪಿಯುಸಿಯವರೆಗೆ ಮಾತ್ರ. ಮನೆಯಲ್ಲಿ ತಮ್ಮ ಕಂಬಳಿ ಹೊದ್ದು ಮಲಗಿದ್ದರೆ ಅಕ್ಕ ಕಾಲೇಜಿಗೆ ಹೊರಡಬೇಕು. ಹೋಗದಿದ್ದರೆ ಹಾಜರಿ ಹೋಗುತ್ತದೆ. ಶೇಕಡಾ 75 ಹಾಜರಿ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ, ಪರೀಕ್ಷೆಗೆ ಕೂರದಿದ್ದರೆ ವಿದ್ಯಾರ್ಥಿವೇತನವೂ ನಿಲ್ಲುತ್ತದೆ. ಮಳೆಗಾಲದ ನಾಲ್ಕು ದಿನದ ಗೈರುಹಾಜರಿ ಹೀಗೆ ಮುಂದಿನ ವರ್ಷದ ಶುಲ್ಕದವರೆಗೆ ಹೋಗಿ ಮುಟ್ಟುತ್ತದೆ. ಪೋಷಕರು ಇದನ್ನು ಜೂನ್ ತಿಂಗಳಲ್ಲೇ ತಿಳಿದಿರಬೇಕು. ಬೇಸಿಗೆಯಲ್ಲಿ ಮದುವೆ, ನೆಂಟರು ಎಂದು ಕಳೆಯುವ ರಜೆಗಳನ್ನು ಮಳೆಗಾಲಕ್ಕೆ ಉಳಿಸಿಕೊಳ್ಳುವುದು ಲೇಸು.

ಸೆಪ್ಟೆಂಬರ್ ಪುಟಗಳಲ್ಲಿ ಒಬ್ಬ ಗೆಳತಿಯ ವಿಷಯ ಬರುತ್ತದೆ. ಎರಡು ವರ್ಷ ಜೊತೆಯಲ್ಲಿ ಓದಿದವಳು, ಮೂರನೆಯ ವರ್ಷ ಮಡಿಕೇರಿಯ ಒಂದು ಬಟ್ಟೆ ಅಂಗಡಿಗೆ ಸೇರಿದಳು. ಈಗಲೂ ಅದೇ ಬಸ್ಸು, ಅದೇ ಸೀಟು. ಇಳಿಯುವ ಜಾಗ ಮಾತ್ರ ಬೇರೆ. ‘ಅವಳು ಇಳಿದು ತಿಂಗಳಿಗೆ ಮನೆಗೆ ಕೊಡುತ್ತಾಳೆ, ನಾನು ಇಳಿದು ಮನೆಯಿಂದ ತೆಗೆಯುತ್ತೇನೆ’ ಎಂದು ನಮ್ಮ ಹುಡುಗಿ ಬರೆದಿದ್ದಾಳೆ. ಆ ಸಾಲಿನ ಕೆಳಗೆ ಏನೂ ಬರೆಯದೆ ಅರ್ಧ ಪುಟ ಬಿಟ್ಟಿದ್ದಾಳೆ. ಸಮಿತಿಯ ಸಭೆಯಲ್ಲಿ ಆ ಪುಟವನ್ನು ಓದಿ ಹೇಳಿದಾಗ ಯಾರೂ ಕೂಡಲೇ ಮಾತಾಡಲಿಲ್ಲ.

ಇನ್ನೊಂದು ಪುಟ ನಮಗೆ ತುಂಬ ಹಿಡಿಸಿತು. ಈಚಿನ ವರ್ಷಗಳಲ್ಲಿ ರಂಜಾನ್ ಫೆಬ್ರುವರಿ-ಮಾರ್ಚಿನಲ್ಲಿ ಬರುತ್ತಿದೆ. ಕಾಲೇಜು ಪೂರ್ತಿ ನಡೆಯುವ ಕಾಲ ಅದು. ಒಂದು ಸಂಜೆ ಬಸ್ಸು ತಡವಾಗಿ ಮಗ್ರಿಬ್ ಹೊತ್ತು ದಾರಿಯಲ್ಲೇ ಆಯಿತು. ಅವಳ ಬಳಿ ಇದ್ದದ್ದು ಮೂರು ಖರ್ಜೂರ. ಹಿಂದಿನ ಸೀಟಿನ ಅಜ್ಜಿಯೊಬ್ಬರು ನೀರಿನ ಬಾಟಲಿ ಕೊಟ್ಟರು, ಮುಂದೆ ಕೂತಿದ್ದ ಸಹಪಾಠಿ ತನ್ನ ಡಬ್ಬಿಯಲ್ಲಿ ಉಳಿದಿದ್ದ ಒಂದು ಕಡುಬನ್ನು ಕೊಟ್ಟಳು. ಆ ದಿನ ಮನೆಗೆ ಬಂದ ಗಂಟೆಯನ್ನು ಬರೆಯಲು ಅವಳು ಮರೆತಿದ್ದಾಳೆ.

ಈಗ ಲೆಕ್ಕಕ್ಕೆ ಬರೋಣ. ನಾವು ಗಣಿತ ಕಲಿಸಿದವರು, ಲೆಕ್ಕವಿಲ್ಲದೆ ಪಾಠ ಮುಗಿಸಿದರೆ ಸಮಾಧಾನವಿಲ್ಲ.

ಹುಡುಗಿ ಮನೆ ಬಿಡುವುದು 7:15ಕ್ಕೆ, ತರಗತಿಯಲ್ಲಿ ಕೂರುವುದು 8:45ಕ್ಕೆ. ಸಂಜೆ 4:15ಕ್ಕೆ ಹೊರಟರೆ ಮನೆ ಸೇರುವುದು 5:45ಕ್ಕೆ. ನಡಿಗೆ, ಕಾಯುವಿಕೆ, ಬಸ್ಸು ಎಲ್ಲ ಸೇರಿ ದಿನಕ್ಕೆ 3 ಗಂಟೆ. ವಾರಕ್ಕೆ 6 ದಿನ ಎಂದರೆ 18 ಗಂಟೆ. 16 ವಾರದ ಒಂದು ಸೆಮಿಸ್ಟರಿಗೆ 288 ಗಂಟೆ. ಹಗಲು ರಾತ್ರಿ ಸೇರಿಸಿ ಎಣಿಸಿದರೆ ಪೂರ್ತಿ 12 ದಿನ. ಇಷ್ಟು ಹೊತ್ತು ಅವಳು ಸೋಮಾರಿಯಾಗಿರಲಿಲ್ಲ, ಓದುತ್ತಲೂ ಇರಲಿಲ್ಲ. ಪೋಷಕರು ಮಕ್ಕಳನ್ನು ‘ಮನೆಗೆ ಬಂದು ಪುಸ್ತಕ ಹಿಡಿಯುವುದಿಲ್ಲ’ ಎಂದು ಗದರುವ ಮೊದಲು ಈ 18 ಗಂಟೆಯನ್ನು ನೆನೆಯಬೇಕು.

ಇದೇ ಹುಡುಗಿ ಪದವಿಯ ನಂತರ ಸ್ನಾತಕೋತ್ತರಕ್ಕೆ ಚಿಕ್ಕಅಳುವಾರಕ್ಕೆ ಹೋಗುವಳೆಂದು ಇಟ್ಟುಕೊಳ್ಳೋಣ. ಗಾಳಿಬೀಡಿನಿಂದ ಮಡಿಕೇರಿ, ಅಲ್ಲಿಂದ ಸುಮಾರು 30 ಕಿಲೋಮೀಟರ್ ಕುಶಾಲನಗರ, ಅಲ್ಲಿಂದ ಮುಂದಕ್ಕೆ ಕ್ಯಾಂಪಸ್ಸು. ಎರಡು ಕಡೆ ಬಸ್ಸು ಬದಲಿಸಬೇಕು. ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ ಗಂಟೆ ಎಂದು ಹಿಡಿದರೆ ದಿನಕ್ಕೆ 5 ಗಂಟೆ. ವಾರಕ್ಕೆ ಐದೇ ದಿನ ಎಂದರೂ 25 ಗಂಟೆ, ಸೆಮಿಸ್ಟರಿಗೆ 400 ಗಂಟೆ. ‘ಹತ್ತಿರವೇ ಇದೆಯಲ್ಲ, ಮನೆಯಿಂದಲೇ ಹೋಗಿ ಬರಲಿ’ ಎನ್ನುವವರು ಒಮ್ಮೆ ಈ ಸಂಖ್ಯೆಯನ್ನು ನೋಡಬೇಕು. ಹಾಸ್ಟೆಲಿಗೆ ಕೊಡುವ ಹಣ ಅನ್ನ ಮತ್ತು ಹಾಸಿಗೆಗೆ ಮಾತ್ರವಲ್ಲ, ಈ 400 ಗಂಟೆಗೂ ಕೊಡುವ ಬೆಲೆ.

ಚಿಕ್ಕಅಳುವಾರದ ಹೆಸರು ಬಂದದ್ದರಿಂದ ವಿಶ್ವವಿದ್ಯಾಲಯದ ಗೊಂದಲವನ್ನೂ ಹೇಳಿಬಿಡುತ್ತೇವೆ. ಅನೇಕ ತಾಯಂದಿರು ಇದನ್ನೇ ಕೇಳುತ್ತಾರೆ: ಅಂಕಪಟ್ಟಿಯಲ್ಲಿ ಹೆಸರು ಬದಲಾದರೆ ಸರ್ಟಿಫಿಕೇಟು ನಡೆಯುತ್ತದೆಯೇ? ನಡೆಯುತ್ತದೆ. ಇದು ಮೊದಲ ಬದಲಾವಣೆಯೂ ಅಲ್ಲ. ಮಡಿಕೇರಿಯ ಸರ್ಕಾರಿ ಕಾಲೇಜು, ಈಗಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು, ಆರಂಭವಾದದ್ದು 1949ರಲ್ಲಿ. ನಮ್ಮ ಪೀಳಿಗೆಯವರು ಪಿಯುಸಿ ಮುಗಿಸುವ ಹೊತ್ತಿಗೆ ಕೊಡಗಿನ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿ ಕೊಡಗು ಅದರ ವ್ಯಾಪ್ತಿಗೆ ಹೋಯಿತು. ಆಗಲೂ ಹೀಗೇ ಗಾಬರಿ, ಹೀಗೇ ಪ್ರಶ್ನೆ. ಆ ಎರಡೂ ಹೆಸರಿನ ಸರ್ಟಿಫಿಕೇಟು ಹಿಡಿದವರು ಕೆಲಸ ಮಾಡಿ ನಿವೃತ್ತರೂ ಆಗಿದ್ದಾರೆ. ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಚಿಕ್ಕಅಳುವಾರದ ಜ್ಞಾನಕಾವೇರಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಹಳೆಯದರಲ್ಲಿ ವಿಲೀನ ಮಾಡುವ ಮಾತು ಸರ್ಕಾರದ ಮಟ್ಟದಲ್ಲಿ ಎದ್ದಾಗ ನಮ್ಮ ಹುಡುಗಿಯ ಪುಸ್ತಕದಲ್ಲಿ ಒಂದು ವಾರ ಇದೇ ಚರ್ಚೆ. ಬಸ್ಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರಂತೆ. ವಿಶ್ವವಿದ್ಯಾಲಯ ವಿಲೀನವಾದರೂ ಆಗಲೇ ಕೊಟ್ಟ ಪದವಿ ರದ್ದಾಗುವುದಿಲ್ಲ. ಬದಲಾವಣೆಯ ಕಾಲದಲ್ಲಿ ವಿದ್ಯಾರ್ಥಿ ಮಾಡಬೇಕಾದದ್ದು ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಪ್ರವೇಶ ಪತ್ರ, ಶುಲ್ಕದ ರಸೀದಿಗಳನ್ನು ಒಂದು ಫೈಲಿನಲ್ಲಿ ಜೋಪಾನವಾಗಿಡುವುದು, ಅಷ್ಟೇ.

ಓದಿನ ವರ್ಷಗಳೂ ಬದಲಾದವು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರುವ ಅವಕಾಶವೂ ಅದರಲ್ಲಿತ್ತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದ್ಧತಿಗೆ ಬಂತು. ಒಂದೇ ಮನೆಯಲ್ಲಿ ಅಕ್ಕನಿಗೊಂದು ನಿಯಮ, ತಂಗಿಗೊಂದು ನಿಯಮ. ಬಿ.ಎಡ್. ಕೂಡ ಹಾಗೆಯೇ. ನಾವು ಮಾಡಿದಾಗ ಒಂದು ವರ್ಷ, 2015ರಿಂದ ಎರಡು ವರ್ಷ. ಶಿಕ್ಷಕಿಯಾಗಬೇಕೆಂಬ ಹುಡುಗಿಗೆ ಪದವಿ ಮೂರು, ಬಿ.ಎಡ್. ಎರಡು, ಒಟ್ಟು ಐದು ವರ್ಷದ ದಾರಿಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು.

ದಾರಿಖರ್ಚಿನ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ದೊಡ್ಡ ಅನುಕೂಲ ಆದದ್ದು 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ. ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಟಿಕೇಟಿಗೆ ಹಣವಿಲ್ಲ. ಆದರೆ ಕೊಡಗಿನ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಓಡುವ ಹೊತ್ತು ಬಹಳ. ಅಲ್ಲಿ ಶಕ್ತಿ ಇಲ್ಲ. ಹುಡುಗಿ ತನ್ನ ಪುಸ್ತಕದ ಅಂಚಿನಲ್ಲಿ ಹಣ ಕೊಟ್ಟ ದಿನ ಒಂದು ಚುಕ್ಕೆ ಇಟ್ಟಿದ್ದಾಳೆ. ಸಂಜೆಯ ತರಗತಿ ತಡವಾದ ದಿನಗಳಲ್ಲೆಲ್ಲ ಚುಕ್ಕೆ ಇದೆ. ಉಚಿತ ಬಸ್ಸು ಇರುವ ಹೊತ್ತಿಗೆ ಹೊರಡಬೇಕೆಂದು ಕೊನೆಯ ತರಗತಿ ಬಿಟ್ಟು ಬಂದ ದಿನಗಳೂ ಇವೆ, ಅವಳೇ ಬರೆದಿದ್ದಾಳೆ. ಗಂಡುಮಕ್ಕಳಿಗೆ ಈ ಸೌಲಭ್ಯವೂ ಇಲ್ಲ. 2025ರ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇಕಡಾ 15 ಏರಿತು. ಹುಡುಗರು ವಿದ್ಯಾರ್ಥಿ ಪಾಸನ್ನು ತರಗತಿ ಆರಂಭವಾದ ಕೂಡಲೇ ಮಾಡಿಸಿಕೊಳ್ಳಬೇಕು. ಆಗಸ್ಟ್‌ವರೆಗೆ ದಿನವೂ ಟಿಕೇಟು ಕೊಂಡು ನಂತರ ಪಾಸಿಗೆ ಓಡುವವರನ್ನು ಪ್ರತಿ ವರ್ಷ ನೋಡುತ್ತೇವೆ.

ಇನ್ನು ದೂರದ ದಾರಿ. ಕೊಡಗಿನಲ್ಲಿ ರೈಲಿಲ್ಲ. ಮೈಸೂರಿಗೋ ಮಂಗಳೂರಿಗೋ ಹೋಗಿ ಓದುವವರಿಗೆ ರಸ್ತೆಯೊಂದೇ ಗತಿ. ಮಂಗಳಗಂಗೋತ್ರಿಯಲ್ಲಿ ಸೀಟು ಸಿಕ್ಕರೆ ಹೋಗಲೇ ಎಂದು ನಮ್ಮ ಹುಡುಗಿ ಕೇಳಿದಾಗ ಅವಳ ಉಮ್ಮ ಹೇಳಿದ್ದು ಒಂದೇ ಮಾತು: ‘ಘಾಟಿ ಕುಸಿದರೆ?’ ಇದನ್ನು ಹಳ್ಳಿ ಹೆಂಗಸಿನ ಹೆದರಿಕೆ ಎಂದು ತಳ್ಳಿಹಾಕುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಕಾಲೂರು, ಜೋಡುಪಾಲ ಎಂದು ಊರೂರೇ ಗುಡ್ಡ ಜಾರಿತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275 ವಾರಗಟ್ಟಲೆ ಮುಚ್ಚಿತು. ಸಕಲೇಶಪುರ-ಸುಬ್ರಹ್ಮಣ್ಯದ ರೈಲು ಹಳಿಯ ಮೇಲೂ ಮಣ್ಣು ಬಿತ್ತು. ಮಂಗಳೂರಿನಲ್ಲಿ ಓದುತ್ತಿದ್ದ ಮಕ್ಕಳಿಗೆ ಮನೆ ಇದೆಯೋ ಇಲ್ಲವೋ ತಿಳಿಯದೆ ಹಾಸ್ಟೆಲಿನಲ್ಲಿ ಕೂರಬೇಕಾಯಿತು. ಆಗ ಭಾಗಮಂಡಲ, ಕರಿಕೆ ದಾರಿ ಹಿಡಿದು ಸುತ್ತಿ ಬಂದವರಿದ್ದಾರೆ.

ಆದ್ದರಿಂದ ದೂರ ಕಳಿಸಬೇಡಿ ಎಂದು ನಾವು ಹೇಳುತ್ತಿಲ್ಲ. ಕಳಿಸುವ ಮೊದಲು ಮಾತಾಡಿಕೊಳ್ಳಿ ಎನ್ನುತ್ತೇವೆ. ರಸ್ತೆ ಮುಚ್ಚಿದರೆ ಮಗು ಎಲ್ಲಿರಬೇಕು, ಮಂಗಳೂರಿನಲ್ಲಿ ಯಾವ ನೆಂಟರ ಮನೆ, ಫೋನು ಸಿಗದಿದ್ದರೆ ಯಾರ ಮೂಲಕ ಸುದ್ದಿ, ಕೈಯಲ್ಲಿ ಎಷ್ಟು ದಿನದ ಖರ್ಚು. ಮಳೆಗಾಲದಲ್ಲಿ ವಾರಾಂತ್ಯಕ್ಕೆ ಮನೆಗೆ ಓಡಿಬರುವ ಪದ್ಧತಿಯನ್ನು ಮಾತ್ರ ನಿಲ್ಲಿಸಿ. ಹಬ್ಬಕ್ಕೆ ಬಂದರೆ ಸಾಕು.

ದುಡಿಮೆಯ ವಿಷಯ ಇದಕ್ಕಿಂತ ಕಠಿಣ. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ನಮ್ಮದು. ಅರೇಬಿಕಾ ಕೊಯ್ಲು ನವೆಂಬರಿನಿಂದ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ತೋಟದಲ್ಲಿ ಜನ ಸಿಗದ ಕಾಲ, ಕೈಗೆ ಕೂಲಿ ಬರುವ ಕಾಲ, ಸೆಮಿಸ್ಟರ್ ಪರೀಕ್ಷೆಯ ಕಾಲ ಮೂರೂ ಒಂದರ ಮೇಲೊಂದು ಬೀಳುತ್ತವೆ. ಹುಡುಗಿಯ ಉಮ್ಮನಿಗೆ ಮೊಣಕಾಲು ನೋವು. ಭಾನುವಾರ ಅಮ್ಮನ ಜೊತೆ ಇವಳೂ ಕಾಫಿ ಕೊಯ್ಯಲು ಹೋಗುತ್ತಾಳೆ. ಸೋಮವಾರದ ಪುಟಗಳಲ್ಲಿ ಅಕ್ಷರ ಸೊಟ್ಟಗಿದೆ.

ಹುಡುಗರದ್ದು ಬೇರೆ ಕಥೆ. ಹೋಂಸ್ಟೇ, ರೆಸಾರ್ಟುಗಳಲ್ಲಿ ಶನಿವಾರ ಭಾನುವಾರ ಕೆಲಸ ಸಿಗುತ್ತದೆ. ಅತಿಥಿಗಳಿಗೆ ಊಟ ಬಡಿಸುವುದು, ಜೀಪು ಓಡಿಸುವುದು, ಲೆಕ್ಕ ಬರೆಯುವುದು. ಕೆಲಸ ಮಾಡುವುದು ತಪ್ಪೆಂದು ನಾವು ಎಂದೂ ಹೇಳಿಲ್ಲ, ದುಡಿದು ಓದಿದವರೇ ನಮ್ಮ ಸಮಿತಿಯಲ್ಲೂ ಇದ್ದಾರೆ. ಆದರೆ ಸಂಬಳವನ್ನು ಭಾಗಿಸುವಾಗ ಮಕ್ಕಳು ಸಾಮಾನ್ಯವಾಗಿ ಕೆಲಸದ ಗಂಟೆಯಿಂದ ಮಾತ್ರ ಭಾಗಿಸುತ್ತಾರೆ. ಹತ್ತು ಗಂಟೆ ಕೆಲಸ, ಹೋಗಿಬರಲು ಎರಡು ಗಂಟೆ ಎಂದರೆ ಹನ್ನೆರಡರಿಂದ ಭಾಗಿಸಬೇಕು. ದಾರಿಯ ಖರ್ಚನ್ನು ಮೊದಲೇ ಕಳೆಯಬೇಕು. ಸೋಮವಾರ ನಿದ್ದೆಗೆಟ್ಟು ತಪ್ಪಿಸಿದ ತರಗತಿ ಇದ್ದರೆ ಅದನ್ನೂ ಪಕ್ಕದಲ್ಲಿ ಬರೆಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕೆಲಸ ಲಾಭವೆಂದು ಕಂಡರೆ ಮಾಡಲಿ. ‘ರಜೆಯಲ್ಲಿ ಮಾತ್ರ’ ಎಂದು ಶುರುವಾದದ್ದು ಬುಧವಾರಕ್ಕೂ ಚಾಚಿದರೆ ಮನೆಯವರು ಎಚ್ಚರವಾಗಬೇಕು. ಹದಿನೆಂಟರ ಹುಡುಗನಿಗೆ ಕೈಯಲ್ಲಿ ಬರುವ ಮೊದಲ ನೋಟು ಬಹಳ ದೊಡ್ಡದಾಗಿ ಕಾಣುತ್ತದೆ, ಡಿಗ್ರಿ ದೂರದಲ್ಲಿ ಸಣ್ಣದಾಗಿ.

ಪದವಿ ಮುಗಿದ ಮೇಲೆ ಏನು ಎಂಬುದು ನೋಟ್ ಪುಸ್ತಕದ ಕೊನೆಯ ಮೂವತ್ತು ಪುಟಗಳ ವಿಷಯ. ಬೆಂಗಳೂರಿನ ಒಂದು ಕಂಪನಿಗೆ ಸೇರಿದ ಸೀನಿಯರ್ ಅರ್ಧ ಸಂಬಳ ಪಿ.ಜಿ. ಬಾಡಿಗೆಗೆ ಹೋಗುತ್ತದೆಂದು ಹೇಳಿದ್ದಾಳೆ. ಮಾಮ ಊರಿನ ಹೋಂಸ್ಟೇಯಲ್ಲೇ ಲೆಕ್ಕ ಬರೆಯುವ ಕೆಲಸ ಹಿಡಿಸುತ್ತೇನೆ ಎಂದಿದ್ದಾರೆ. ಬ್ಯಾಂಕ್ ಪರೀಕ್ಷೆ, ಎಂ.ಕಾಂ., ಬಿ.ಎಡ್. ಎಲ್ಲವೂ ಒಂದೊಂದು ದಿನ ಬಂದು ಹೋಗುತ್ತವೆ. ಇಲ್ಲಿ ಯುವನಿಧಿಯ ಬಗ್ಗೆ ಒಂದು ಸ್ಪಷ್ಟನೆ ಬೇಕು. ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿರುವವರಿಗೆ ಇದು ಸಿಗುವುದಿಲ್ಲ. 3000 ಬರುತ್ತದೆಂದು ಎಂ.ಕಾಂ. ಬಿಟ್ಟು ಕೂರುವ ಯೋಚನೆ ಒಬ್ಬಿಬ್ಬರ ಮನೆಯಲ್ಲಿ ನಡೆದದ್ದು ನಮ್ಮ ಕಿವಿಗೆ ಬಿದ್ದಿದೆ. ಎರಡು ವರ್ಷದಲ್ಲಿ ಒಂದು ಓದೇ ಮುಗಿಯುತ್ತದೆ. ವೃತ್ತಿಪರ ಕೋರ್ಸುಗಳಿಗೆ ಸೀಟು ಸಿಕ್ಕವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವನ್ನು ವಿಚಾರಿಸಬೇಕು. ಅಲ್ಪಸಂಖ್ಯಾತರ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿಗೂ ಅರ್ಜಿ ಕರೆದ ಕೂಡಲೇ ಹಾಕಬೇಕು, ಸೀಟು ಕಡಿಮೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಸರ್ಕಾರಿ ವಿದ್ಯಾರ್ಥಿವೇತನ ನಿಂತುಹೋಗುವುದು ಪ್ರತಿ ವರ್ಷದ ಗೋಳು. ಅದನ್ನು ಈ ವಾರವೇ ನೋಡಿಕೊಳ್ಳಿ.

ಹುಡುಗಿ ಮತ್ತು ಉಮ್ಮ ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಉಮ್ಮ ಹೇಳಿದರು, ಮಗಳು ಪುಸ್ತಕದಲ್ಲಿ ಬರೆದುಕೊಂಡಳು. ಜಿಲ್ಲೆಯೊಳಗೆ ಸೀಟು ಸಿಕ್ಕರೆ ಮೊದಲ ಸೆಮಿಸ್ಟರ್ ಹಾಸ್ಟೆಲಿನಲ್ಲಿ. ಮಾಮ ಹೋಗಿ ಹಾಸ್ಟೆಲ್ ನೋಡಿ ಬರಬೇಕು. ಶನಿವಾರ ಮನೆಗೆ, ಜೋರು ಮಳೆಯಾದರೆ ಬರುವುದು ಬೇಡ. ಕಾಫಿ ಕೊಯ್ಲಿಗೆ ಈ ವರ್ಷ ಮಗಳು ಬರುವುದಿಲ್ಲ. ಕೊನೆಯ ಷರತ್ತಿನ ಮುಂದೆ ಉಮ್ಮ ತಮ್ಮ ಹೆಬ್ಬೆಟ್ಟನ್ನೂ ಒತ್ತಿದ್ದಾರೆ. ತಮಾಷೆಗೆ ಒತ್ತಿದ್ದು ಎಂದು ನಗುತ್ತಾರೆ, ಆದರೆ ಆ ಕೊಯ್ಲಿನ ಕೂಲಿ ಮನೆಗೆ ಎಷ್ಟು ಬೇಕೆಂದು ನಮಗೆ ಗೊತ್ತು. ಪ್ರವೇಶದ ಅರ್ಜಿ ಶುಲ್ಕವನ್ನು ಅವಳು ಭಾನುವಾರದ ಕೂಲಿಯಿಂದಲೇ ಕಟ್ಟಿದ್ದಾಳೆ. ಈ ವರದಿ ಅಚ್ಚಿಗೆ ಹೋಗುವ ಹೊತ್ತಿಗೆ ಸೀಟಿನ ಪಟ್ಟಿ ಬಂದಿಲ್ಲ.

ಸಮಿತಿಯಲ್ಲಿ ಈ ಪುಸ್ತಕ ಓದಿದ ಮೇಲೆ ಚರ್ಚೆ ಆಯಿತು. ವಿದ್ಯಾರ್ಥಿವೇತನ ಎಂದರೆ ಶುಲ್ಕ, ಬಸ್ಸಿನ ಹಣ ಮನೆಯವರ ಜವಾಬ್ದಾರಿ ಎಂದು ಒಬ್ಬರು ಹೇಳಿದರು. ದಾನಿಗಳು ಕೊಟ್ಟದ್ದರಲ್ಲಿ ಒಂದು ರೂಪಾಯಿ ಕೂಡ ಅಡ್ಡದಾರಿ ಹಿಡಿಯಬಾರದೆಂಬ ಕಾಳಜಿ ಅದು, ಅದನ್ನು ನಾವು ಗೌರವಿಸುತ್ತೇವೆ. ಆದರೆ ಶುಲ್ಕ ಕಟ್ಟಿ, ತರಗತಿಗೆ ತಲುಪಿಸುವ ದಾರಿ ಬಿಟ್ಟರೆ ಕಟ್ಟಿದ ಶುಲ್ಕವೂ ವ್ಯರ್ಥ. ಹೆಚ್ಚಿನವರ ಒಪ್ಪಿಗೆಯ ಮೇರೆಗೆ ಮುಂದಿನ ಸಾಲಿನ ಅರ್ಜಿಯಲ್ಲಿ ಎರಡು ಹೊಸ ಕಾಲಂ ಸೇರಿಸಿದ್ದೇವೆ. ಒಂದು, ಮನೆಯಿಂದ ತರಗತಿಗೆ ದಿನಕ್ಕೆ ಹಿಡಿಯುವ ಒಟ್ಟು ಹೊತ್ತು. ಇನ್ನೊಂದು, ವಿದ್ಯಾರ್ಥಿ ಮಾಡುತ್ತಿರುವ ಕೆಲಸ ಮತ್ತು ವಾರದ ಗಂಟೆ. ಎರಡನೆಯದನ್ನು ಬರೆದರೆ ವಿದ್ಯಾರ್ಥಿವೇತನ ಕಡಿತವಾಗುತ್ತದೆಂಬ ಹೆದರಿಕೆ ಬೇಡ, ಕಡಿತ ಆಗುವುದಿಲ್ಲ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ದಾರಿಯಲ್ಲಿರುವವರಿಗೆ ಪ್ರಯಾಣಕ್ಕೋ ಹಾಸ್ಟೆಲಿಗೋ ನೆರವು ಕೊಡುವುದನ್ನು ಪ್ರತ್ಯೇಕವಾಗಿ ಪರಿಶೀಲಿಸುತ್ತೇವೆ. ಇದಕ್ಕಾಗಿ ಬೇರೆ ದೇಣಿಗೆ ಕೊಡಲು ಇಚ್ಛಿಸುವವರು ರಸೀದಿಯಲ್ಲಿ ‘ದಾರಿಖರ್ಚು’ ಎಂದು ಬರೆಸಿಕೊಳ್ಳಬಹುದು.

ಅರ್ಜಿಯ ಕೊನೆಯ ದಿನ ಮತ್ತು ಬೇಕಾದ ದಾಖಲೆಗಳು ವರದಿಯ ಕೊನೆಯ ಪುಟದಲ್ಲಿವೆ. ಈಗಾಗಲೇ ವಿದ್ಯಾರ್ಥಿವೇತನ ಪಡೆಯುತ್ತಿರುವವರು ನೋಟ್ ಪುಸ್ತಕದಿಂದ ಯಾವುದಾದರೂ ಒಂದು ವಾರದ ಪುಟಗಳ ನಕಲನ್ನು ಅರ್ಜಿಯ ಜೊತೆ ಇಡಬೇಕು. ಮಳೆಗಾಲದ ವಾರವಾದರೆ ಒಳ್ಳೆಯದು. ಪುಸ್ತಕ ಕಳೆದುಕೊಂಡವರಿಗೆ ಕಚೇರಿಯಲ್ಲಿ ಹೊಸದು ಸಿಗುತ್ತದೆ.